‘ಪ್ರೌಢ’, ‘ವಯಸ್ಕ’, ‘ಬಿಡುಗಡೆ’, ‘ಆವಕ’: ಹೊಸ ಕಾಮಿಕ್ಸ್ ಪಟ್ಟಿಗೆ ಬೇಕಾದ ಕೆಲವು ಪದಗಳು

ಮಾನ್ಯರೇ, ನಮಸ್ಕಾರ.

ಧಾರವಾಡದ ಸಪ್ತಾಪುರದಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಒಂದು ಚಿಕ್ಕ ಲೈಬ್ರರಿಯನ್ನು ನಾನು ನಡೆಸುತ್ತೇನೆ. ಇಂಗ್ಲಿಷ್ ಕಾಮಿಕ್ಸ್ ಓದುವ ಸದಸ್ಯರಿಗಾಗಿ ತಿಂಗಳಿಗೊಮ್ಮೆ ಒಂದು ಹಾಳೆಯ ಎರಡೂ ಮಗ್ಗಲಿಗೆ ಹೊಸ ಪುಸ್ತಕಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚುತ್ತೇನೆ. ಪಟ್ಟಿಯಲ್ಲಿ ಹೆಚ್ಚಿನವು ಮಕ್ಕಳಿಗಲ್ಲದ, ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದು ಬಿಡಿಸಿದ ಕಾಮಿಕ್ಸ್. ಅಂಥ ಪುಸ್ತಕಗಳ ಮುಂದೆ ನಾನು ಇಷ್ಟು ದಿನ ‘ಪ್ರೌಢ ಓದುಗರಿಗೆ’ ಎಂದು ಬರೆಯುತ್ತಿದ್ದೆ. ಆ ಪದ ಸರಿಯಲ್ಲ ಎಂಬುದು ಕಳೆದ ತಿಂಗಳು ನನಗೆ ತಿಳಿಯಿತು.

ಸದಸ್ಯರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದು, ಹಿಂದಿನ ವಾರ ಒಯ್ದಿದ್ದ ಪುಸ್ತಕವನ್ನು ಮೇಜಿನ ಮೇಲೆ ಮಗುಚಿಟ್ಟು, ನನ್ನದೇ ಹಾಳೆಯನ್ನು ಅದರ ಪಕ್ಕದಲ್ಲಿ ಬಿಡಿಸಿ ಹಿಡಿದರು. “ಪ್ರೌಢ ಓದುಗರಿಗೆ ಅಂತ ನೀವ ಬರದೀರಿ. ನಮ್ಮ ಹುಡುಗ ಪ್ರೌಢಶಾಲ್ಯಾಗ ಒಂಬತ್ತನೇ ಇಯತ್ತೇದಾಗ ಅದಾನ. ಹಂಗಂದ್ರ ಇವನ ಓದಿಗೇ ಅಂತ ತಿಳದು ನಾನ ಕೊಡಿಸಿದ್ನಿರೀ” ಎಂದರು. ಪುಸ್ತಕದ ಹಿಂಬದಿಯಲ್ಲಿ ಬಾರ್‌ಕೋಡಿನ ಮಗ್ಗುಲಿಗೆ, ಸಾಸಿವೆಕಾಳಿನಷ್ಟು ಚಿಕ್ಕ ಅಕ್ಷರದಲ್ಲಿ ‘17+’ ಎಂದು ಅಚ್ಚಾಗಿತ್ತು. ಅವರ ತರ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ, ತಪ್ಪು ನನ್ನ ಪದದ್ದು.

‘ಪ್ರೌಢ’ ಸಂಸ್ಕೃತದಿಂದ ಬಂದದ್ದು. ‘ಮುಂದಕ್ಕೆ ಒಯ್ಯಲ್ಪಟ್ಟ’ ಎಂಬ ಮೂಲಾರ್ಥದಿಂದ ‘ಪೂರ್ತಿ ಬೆಳೆದ’ ಎಂಬ ಅರ್ಥ ಹುಟ್ಟಿದೆ. ಅಲಂಕಾರಶಾಸ್ತ್ರದಲ್ಲಿ ಮುಗ್ಧೆ, ಮಧ್ಯೆ, ಪ್ರೌಢೆ ಎಂದು ನಾಯಿಕೆಯರ ಮೂರು ಬಗೆಯನ್ನು ಹೇಳುವಾಗ ಆ ಅರ್ಥ ಸ್ವಚ್ಛವಾಗಿಯೇ ಉಳಿದಿದೆ. ಆದರೆ 8ರಿಂದ 10ನೇ ತರಗತಿಯವರೆಗಿನ ಶಾಲೆಗೆ ನಾವು ‘ಪ್ರೌಢಶಾಲೆ’ ಎಂದು ಹೆಸರಿಟ್ಟ ಮೇಲೆ, ದಿನಬಳಕೆಯಲ್ಲಿ ಈ ಪದವು ಹದಿಮೂರರಿಂದ ಹದಿನಾರರ ನಡುವಿನ ಮಕ್ಕಳಿಗೆ ಅಂಟಿಕೊಂಡಿದೆ. ಕಾಮಿಕ್ಸಿನ ಹಿಂಬದಿಯ ಆ ಗುರುತು ಯಾವ ವಯಸ್ಸಿನವರನ್ನು ಹೊರಗಿಡಲು ಇದೆಯೋ ಅದೇ ವಯಸ್ಸಿನವರನ್ನು ನನ್ನ ಪದ ಕೈಮಾಡಿ ಒಳಗೆ ಕರೆಯುತ್ತಿತ್ತು.

ಹಾಗಾದರೆ ‘ವಯಸ್ಕರಿಗೆ ಮಾತ್ರ’ ಎನ್ನೋಣವೇ ಎಂದರೆ, ಅಲ್ಲಿ ಎರಡು ತೊಡಕುಗಳಿವೆ. ‘ವಯಸ್ಕ’ ಎಂದರೆ ‘ವಯಸ್ಸುಳ್ಳ’ ಎಂದಷ್ಟೇ. ಸಮವಯಸ್ಕ, ಅಲ್ಪವಯಸ್ಕ ಎಂಬ ಸಮಾಸಗಳಲ್ಲಿ ಅದರ ಹಳೆಯ ಕೆಲಸ ಈಗಲೂ ಕಾಣುತ್ತದೆ. ಪೂರ್ಣ ರೂಪ ‘ಪ್ರಾಪ್ತವಯಸ್ಕ’, ಮತ್ತು ಅದು ಕಾನೂನಿನ ಪದ. ನಮ್ಮ ದೇಶದಲ್ಲಿ ಪ್ರಾಪ್ತವಯಸ್ಸು 18. ಅಮೆರಿಕದ ಡಿಸಿ ಎಂಬ ಕಾಮಿಕ್ಸ್ ಪ್ರಕಾಶನವು 2018ರಿಂದ ಬ್ಲ್ಯಾಕ್ ಲೇಬಲ್ ಎಂಬ ಹೆಸರಿನಲ್ಲಿ ತರುತ್ತಿರುವ ಪುಸ್ತಕಗಳ ಮೇಲಿನ ಅಂಕಿ 17. ಒಂದು ವರ್ಷದ ಅಂತರ ಕಡಿಮೆಯಾಗಿ ಕಾಣಬಹುದು, ಆದರೆ ಕಾನೂನಿನ ಪದವನ್ನು ಬಳಸಿ ಕಾನೂನಿನ ಅರ್ಥವನ್ನು ಬಿಟ್ಟರೆ ಅದು ಸುಳ್ಳು ಹೇಳಿದಂತೆ.

ಎರಡನೆಯ ತೊಡಕು ‘ಮಾತ್ರ’ ಎಂಬುದರಲ್ಲಿದೆ, ನನಗೆ ಇದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ‘ವಯಸ್ಕರಿಗೆ ಮಾತ್ರ’ ಸಿನಿಮಾದ ‘ಎ’ ಪ್ರಮಾಣಪತ್ರದ ಮಾತು. ಹುಬ್ಬಳ್ಳಿಯ ಟಾಕೀಸುಗಳ ಗೋಡೆಗಳ ಮೇಲೆ ಅದನ್ನು ಓದಿ ಬೆಳೆದವರ ಕಿವಿಗೆ ಅದು ಅಶ್ಲೀಲವೆಂದೇ ಕೇಳಿಸುತ್ತದೆ. ಕಾಮಿಕ್ಸಿನಲ್ಲಿ ಈ ಗುರುತು ಬಂದ ದಾರಿಯೇ ಬೇರೆ. ಅಮೆರಿಕದಲ್ಲಿ 1954ರಲ್ಲಿ ಪ್ರಕಾಶಕರೇ ಸೇರಿ, ಕಾಮಿಕ್ಸಿನಲ್ಲಿ ಏನೇನು ಇರಬಾರದೆಂದು ಹೇಳುವ ಕಾಮಿಕ್ಸ್ ಕೋಡ್ ಎಂಬ ಕಟ್ಟಳೆಯನ್ನು ಮಾಡಿಕೊಂಡರು, ಅದರ ಮುದ್ರೆಯಿಲ್ಲದ ಸಂಚಿಕೆಯನ್ನು ಅಂಗಡಿಗಳಿಗೆ ಮುಟ್ಟಿಸಲು ವಿತರಕರು ಹಿಂಜರಿಯುತ್ತಿದ್ದರು. 1984ರಲ್ಲಿ ಡಿಸಿ ‘ಸ್ವಾಂಪ್ ಥಿಂಗ್’ ಮಾಲಿಕೆಯ 29ನೇ ಸಂಚಿಕೆಯನ್ನು ಆ ಮುದ್ರೆಯಿಲ್ಲದೆ ಹೊರತಂದಿತು. ಆ ದಶಕ ಮುಗಿಯುವುದರೊಳಗೆ ಅಂಥ ಮಾಲಿಕೆಗಳ ಮುಖಪುಟದ ಮೇಲೆ, ಬೆಳೆದ ಓದುಗರಿಗಾಗಿ ಎಂಬ ‘ಸಲಹೆ’ಯ ಸಾಲು ಕಾಣಿಸಿಕೊಂಡಿತು. 1993ರಲ್ಲಿ ಇವುಗಳಿಗಾಗಿಯೇ ವರ್ಟಿಗೊ ಎಂಬ ಪ್ರತ್ಯೇಕ ಗ್ರಂಥಮಾಲೆ ಆರಂಭವಾಯಿತು. (ಪ್ರಕಾಶನದೊಳಗಿನ ಇಂಥ ಉಪಹೆಸರಿಗೆ ‘ಗ್ರಂಥಮಾಲೆ’ ಎಂಬ ಪದ, ಮನೋಹರ ಗ್ರಂಥಮಾಲೆಯ ಊರಿನವನಾದ ನನಗೆ ಹುಡುಕದೆಯೇ ಒದಗಿತು.) ಆ ಸಾಲು ಸಲಹೆಯೇ ಹೊರತು ನಿಷೇಧವಲ್ಲ. ಕಥೆಯಲ್ಲಿ ಹಿಂಸೆ, ಸಾವು, ಕಾಮ, ರಾಜಕೀಯ ಯಾವುದಾದರೂ ಇರಬಹುದು, ಓದುವವನು ಅದನ್ನು ಹೊರುವಷ್ಟು ಬೆಳೆದಿರಲಿ ಎಂಬುದಷ್ಟೇ ಅದರ ತಾತ್ಪರ್ಯ. ಸಲಹೆಯನ್ನು ನಿಷೇಧವಾಗಿಸುವ ಪದವನ್ನು ನಾನು ಬಳಸಲಾರೆ.

‘ಪ್ರಬುದ್ಧ’ ಎಂಬುದನ್ನೂ ನೋಡಿದೆ. ಅದರ ಮೂಲ ಅರ್ಥ ‘ಎಚ್ಚೆತ್ತ’. ಈಗ ಅದು ಹೊಗಳಿಕೆಯ ಪದವಾಗಿದೆ, ವಯಸ್ಸನ್ನು ಹೇಳುವುದಿಲ್ಲ. ಹದಿನಾಲ್ಕರ ಹುಡುಗಿಯೂ ಪ್ರಬುದ್ಧಳಾಗಿರಬಹುದು, ಐವತ್ತರವನು ಆಗದೆಯೂ ಇರಬಹುದು. ‘ಹಿರಿಯರು’ ಎಂದರೆ ಹಿರಿಯ ನಾಗರಿಕರು ನೆನಪಾಗುತ್ತಾರೆ. ‘ದೊಡ್ಡವರು’ ಸರಳವಾಗಿದೆ, ಈ ಪತ್ರದಲ್ಲಿ ನಾನೇ ಬಳಸಿದ್ದೇನೆ. ಆದರೆ ನಮ್ಮ ಕಡೆ ‘ದೊಡ್ಡಾಕಿ ಆದ್ಲು’ ಎಂಬ ಮಾತಿಗೆ ಇರುವ ಅರ್ಥ ಎಲ್ಲರಿಗೂ ಗೊತ್ತು, ಮತ್ತು ಆ ವಯಸ್ಸು ಹದಿನೇಳಲ್ಲ.

ಇಷ್ಟೆಲ್ಲ ಜಾಲಾಡಿದ ಮೇಲೆ ನನಗೆ ಹೊಳೆದದ್ದು ‘17 ತುಂಬಿದವರ ಓದಿಗೆ’ ಎಂಬ ಮಾತು. ಇಲ್ಲಿ ‘ತುಂಬಿದ’ ಎಂಬ ಪದವನ್ನು ಬಿಡುವಂತಿಲ್ಲ, ಏಕೆಂದರೆ ಧಾರವಾಡ, ಗದಗ ಸೀಮೆಯಲ್ಲಿ ವಯಸ್ಸನ್ನು ನಡೆಯುತ್ತಿರುವ ವರ್ಷದಿಂದ ಹೇಳುವ ರೂಢಿ ಇನ್ನೂ ಗಟ್ಟಿಯಾಗಿದೆ. “ಹದಿನೇಳರಾಗ ಬಿದ್ದಾನ” ಎಂದರೆ ಹದಿನಾರು ಮುಗಿದಿದೆ ಎಂದಷ್ಟೇ ಅರ್ಥ. ‘17 ವರ್ಷದವರಿಗೆ’ ಎಂದು ಬರೆದರೆ ಒಂದು ವರ್ಷ ಚಿಕ್ಕವನು ಒಳಗೆ ಬರುತ್ತಾನೆ; ‘17 ದಾಟಿದವರಿಗೆ’ ಎಂದರೆ ಹದಿನೇಳು ತುಂಬಿ ಹದಿನೆಂಟು ಇನ್ನೂ ತುಂಬದವನು ಹೊರಗುಳಿಯಬೇಕೋ ಬೇಡವೋ ಎಂಬ ಅನುಮಾನ ಬರುತ್ತದೆ. ಅಂಕಿಯಿಲ್ಲದೆ ಬರಿಯ ‘ಎಂ’ (ಇಂಗ್ಲಿಷಿನ ‘ಮೆಚ್ಯೂರ್’, ಅಂದರೆ ಬೆಳೆದವರಿಗೆ) ಗುರುತಿರುವ ಪುಸ್ತಕಗಳಿಗೆ ‘ತಿಳುವಳಿಕೆ ಬಲಿತವರ ಓದಿಗೆ’ ಎನ್ನಬಹುದೆಂದುಕೊಂಡಿದ್ದೇನೆ. ‘ಬಲಿತ’ ಎಂಬುದು ಬೆಂಡೆಕಾಯಿಗೆ ದೋಷವಾದರೂ ಬುದ್ಧಿಗೆ ಗುಣವೇ ಆಗಿದೆಯಾದ್ದರಿಂದ ಅದನ್ನು ತಿಳುವಳಿಕೆಯೊಡನೆ ಸೇರಿಸಿಯೇ ಬಳಸಬೇಕು.

ಇನ್ನು ‘ಬಿಡುಗಡೆ’. ನಮ್ಮಲ್ಲಿ ಪುಸ್ತಕ ಬಿಡುಗಡೆ ಎಂದರೆ ವೇದಿಕೆ, ಅತಿಥಿಗಳು, ಬಣ್ಣದ ಕಾಗದ ಬಿಚ್ಚುವುದು. ‘ಈ ತಿಂಗಳ ಬಿಡುಗಡೆಗಳು’ ಎಂಬ ತಲೆಬರಹವನ್ನು ಓದಿ, ಸಮಾರಂಭ ವಿದ್ಯಾವರ್ಧಕ ಸಂಘದಲ್ಲಿಯೋ ಬೇರೆಡೆಯೋ ಎಂದು ಇಬ್ಬರು ಕೇಳಿದ್ದುಂಟು. ಅದಲ್ಲದೆ ಹೊಸ ಕಾಮಿಕ್ಸನ್ನು ಹಿಂಬಾಲಿಸುವವನಿಗೆ ಬೇಕಾದ ದಿನಗಳು ಮೂರು. ಪ್ರಕಾಶಕರು ಎರಡು ಮೂರು ತಿಂಗಳು ಮುಂಚೆ ಪುಸ್ತಕದ ವಿವರ ಕೊಟ್ಟು ಅಂಗಡಿಗಳಿಂದ ಬೇಡಿಕೆ ಕೇಳುವ ದಿನ ಒಂದು. ಅಮೆರಿಕದ ಅಂಗಡಿಗಳಲ್ಲಿ, ರೂಢಿಯಂತೆ ಬುಧವಾರ, ಅದು ಮಾರಾಟಕ್ಕೆ ಬರುವ ದಿನ ಇನ್ನೊಂದು. ನಮ್ಮ ಕಪಾಟಿಗೆ ಬಂದು ಮುಟ್ಟುವ ದಿನ ಮೂರನೆಯದು. ಮೊದಲನೆಯದಕ್ಕೆ ‘ಮುಂಗಡ ಸೂಚನೆ’, ಎರಡನೆಯದಕ್ಕೆ ‘ಮಾರಾಟಕ್ಕೆ’ ಎಂದು ಬರೆಯಬಹುದು. ಮೂರನೆಯದಕ್ಕೆ ‘ಆವಕ’ ಎಂಬ ಪದವನ್ನು ನಾನು ಮನಸ್ಸಿಟ್ಟು ಸೂಚಿಸುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿ, ಹುಬ್ಬಳ್ಳಿಯ ಹತ್ತಿ ಮಾರುಕಟ್ಟೆಗೆ ಎಷ್ಟು ಬಂತೆಂಬುದನ್ನು ಪತ್ರಿಕೆಗಳು ಈ ಪದದಲ್ಲಿಯೇ ಹೇಳುತ್ತವೆ. ಕಚೇರಿಗಳ ಆವಕ-ಜಾವಕ ವಹಿಯೂ ನಮಗೆ ಹೊಸತಲ್ಲ. ಸರಕು ಬಂದು ಇಳಿದಿದೆ, ನೋಡಬಹುದು, ಮುಟ್ಟಬಹುದು ಎಂಬ ಭರವಸೆ ಆ ಪದದಲ್ಲಿದೆ. ಕಾಮಿಕ್ಸಿಗೆ ಅದು ಒರಟಾಯಿತೆಂದು ಮೈಸೂರು ಕಡೆಯವರಿಗೆ ಅನ್ನಿಸಿದರೆ, ಅವರ ಕಿವಿಗೆ ಹೊಂದುವ ಪದವನ್ನು ತಿಳಿಯುವ ಆಸೆ ನನಗಿದೆ.

‘ಸಂಪುಟ’ದ ತೊಡಕೂ ಇದೆ. ನಮ್ಮ ಮಾಸಪತ್ರಿಕೆಗಳಲ್ಲಿ ‘ಸಂಪುಟ 12, ಸಂಚಿಕೆ 3’ ಎಂದರೆ ಹನ್ನೆರಡನೆಯ ವರ್ಷದ ಮೂರನೆಯ ಸಂಚಿಕೆ. ಕಾಮಿಕ್ಸಿನಲ್ಲಿ ಸಾಮಾನ್ಯವಾಗಿ ಅದು ಕೆಲವು ಸಂಚಿಕೆಗಳನ್ನು ಒಟ್ಟಿಗೆ ಹೊಲಿದ ಪುಸ್ತಕ. ಇಮೇಜ್ ಪ್ರಕಾಶನದ ‘ಸಾಗಾ’ 2012ರಲ್ಲಿ ಆರಂಭವಾಗಿ, 2018ರಲ್ಲಿ 54 ಸಂಚಿಕೆಗಳಿಗೆ ನಿಂತು, 2022ರ ಜನವರಿಯಲ್ಲಿ ಮುಂದುವರಿಯಿತು. ಅದೇ 54 ಸಂಚಿಕೆಗಳು ಆರಾರರಂತೆ ಒಂಬತ್ತು ಪುಸ್ತಕಗಳಾಗಿಯೂ, ಆಮೇಲೆ ಎಲ್ಲವೂ ಸೇರಿದ ಒಂದೇ ದಪ್ಪ ಪುಸ್ತಕವಾಗಿಯೂ ಬಂದಿವೆ. ಮೂರನ್ನೂ ‘ಹೊಸದು’ ಎಂದು ಪಟ್ಟಿಯಲ್ಲಿ ಹಾಕಿದರೆ ಓದುಗರು ಒಂದೇ ಕಥೆಗೆ ಮೂರು ಸಲ ಹಣ ಕೊಡುತ್ತಾರೆ. ಅದಕ್ಕಾಗಿ ಬಿಡಿಯಾಗಿ ಬಂದದ್ದಕ್ಕೆ ‘ಸಂಚಿಕೆ’, ಕೆಲವನ್ನು ಸೇರಿಸಿದ್ದಕ್ಕೆ ‘ಕಟ್ಟು’, ಎಲ್ಲವೂ ಸೇರಿದ್ದಕ್ಕೆ ‘ಇಡಿಗಟ್ಟು’ ಎಂದು ಬರೆಯಲು ಯೋಚಿಸಿದ್ದೇನೆ. ‘ಇಡಿಗಟ್ಟು’ ನಾನೇ ಕಟ್ಟಿದ ಪದ. ವ್ಯಾಕರಣ ಬಲ್ಲವರು ದಯವಿಟ್ಟು ಪರೀಕ್ಷಿಸಬೇಕು.

‘ಚಿತ್ರಕಥೆ’ಯನ್ನು ನಾನು ಕೈಬಿಟ್ಟಿದ್ದೇನೆ, ಅದು ಈಗ ಪೂರ್ತಿಯಾಗಿ ಸಿನಿಮಾದವರದಾಗಿದೆ. ‘ಕಾಮಿಕ್ಸ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಮುಂದಿನ ತಿಂಗಳ ಹಾಳೆ ಇಪ್ಪತ್ತನೇ ತಾರೀಖಿಗೆ ಅಚ್ಚಿಗೆ ಹೋಗುತ್ತದೆ. ‘17 ತುಂಬಿದವರ ಓದಿಗೆ’ ಎಂಬುದಕ್ಕಿಂತ ಚಿಕ್ಕದಾದ, ಆದರೆ ಪ್ರೌಢಶಾಲೆಯ ಹುಡುಗನನ್ನಾಗಲಿ ಟಾಕೀಸಿನ ಗೋಡೆಯನ್ನಾಗಲಿ ನೆನಪಿಸದ ಪದ ಯಾರಲ್ಲಾದರೂ ಇದ್ದರೆ, ಗದಗ ಹಾವೇರಿ ಕಡೆಯ ಆಡುಮಾತಿನದಾದರಂತೂ ಇನ್ನೂ ಸಂತೋಷ, ಅದರೊಳಗೆ ತಿಳಿಸಬೇಕೆಂದು ಕೋರುತ್ತೇನೆ.