ಅಪ್‌ಡೇಟ್: ಆ ಹಳೇ ಔಟ್‌ಬೋರ್ಡ್ ಎಂಜಿನ್ ತಗೊಳ್ಳಲಿಲ್ಲ

ಗಂಗೊಳ್ಳಿಯಲ್ಲಿ ನಮ್ಮ ನಾಡದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವಂಥ ಹಳೇ 9.9 ಎಚ್‌ಪಿ ಟೂ-ಸ್ಟ್ರೋಕ್ ಎಂಜಿನ್ ಸಿಗ್ತಿದೆ, 45 ಸಾವಿರ ಹೇಳ್ತಿದ್ದಾರೆ, ತಗೊಳ್ಳಲಾ ಬೇಡವಾ ಅಂತ ಹೋದ ವಾರ ಕೇಳಿದ್ದೆ. ದೊಡ್ಡ ಎಂಜಿನ್ ಯಾಕೆ ನೋಡ್ತಿಲ್ಲ ಅಂತ ನೀವು ಕೇಳಿದ್ದಿರಿ. ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿ ಒಳಗಿನ ನಾಡದೋಣಿಗೆ ವಿನಾಯಿತಿ ಇದೆ, ಅದಕ್ಕೇ.

ಭಾನುವಾರ ಮಾವನನ್ನೂ ಪರಿಚಯದ ಮೆಕ್ಯಾನಿಕ್ ಒಬ್ಬರನ್ನೂ ಕರ್ಕೊಂಡು ಹೋದೆ. ನೀವು ಹೇಳಿದ ಹಾಗೆ, ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿದ್ದೆ. ಹೋಗಿ ಕೈ ಇಟ್ಟರೆ ಎಂಜಿನ್ ಬೆಚ್ಚಗಿತ್ತು! ಬಿಸಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗ್ತದೆ, ತಣ್ಣಗಿದ್ದಾಗಿನ ತೊಂದರೆ ಗೊತ್ತಾಗೋದಿಲ್ಲ. ಅಲ್ಲೇ ಅನುಮಾನ ಶುರು.

ಡ್ರಮ್ಮಿನ ನೀರಿನಲ್ಲಿಟ್ಟು ಹಗ್ಗ ಎಳೆದರೆ ಎರಡನೇ ಎಳೆತಕ್ಕೇ ಹೊತ್ತಿಕೊಂಡಿತು. ಕೂಲಿಂಗ್ ನೀರೂ ಚೆನ್ನಾಗಿ ಚಿಮ್ಮುತ್ತಿತ್ತು. ಮಾವ ಆಗಲೇ ಜೇಬಿಗೆ ಕೈ ಹಾಕಿದ್ದರು. ಮೆಕ್ಯಾನಿಕ್ ಮಾತ್ರ ಮಾತಾಡದೆ ಕುಕ್ಕರುಗಾಲಲ್ಲಿ ಕೂತು, ಕೆಳಗಿನ ಗೇರ್‌ಬಾಕ್ಸ್ ಸ್ಕ್ರೂ ಬಿಚ್ಚಿದರು. ಇಳಿದ ಆಯಿಲ್ ಹಾಲು ಜಾಸ್ತಿಯಾದ ಚಹಾದ ಹಾಗಿತ್ತು. ಅಂದರೆ ನೀರು ತಡೆಯುವ ಸೀಲ್ ಹೋಗಿ ನೀರು ಒಳಗೆ ಸೇರಿದೆ. ಬರೀ ಸೀಲ್ ಆದರೆ ದೊಡ್ಡ ಖರ್ಚಲ್ಲ. ಉಪ್ಪುನೀರಿಗೆ ಬೇರಿಂಗ್, ಗೇರ್ ತುಕ್ಕು ಹಿಡಿದಿದ್ದರೆ? ಕಂಪ್ರೆಷನ್ನೂ (ಸಿಲಿಂಡರಿನೊಳಗಿನ ಒತ್ತಡ) ಒಂದು ಸಿಲಿಂಡರಿನಲ್ಲಿ 110 ಪಿಎಸ್‌ಐ, ಇನ್ನೊಂದರಲ್ಲಿ 80. ಎರಡೂ ಹತ್ತಿರ ಹತ್ತಿರ ಇರಬೇಕಿತ್ತು.

30 ಸಾವಿರಕ್ಕೆ ಕೊಡ್ತೀರಾ ಅಂದೆ. "ಸಮುದ್ರದ ಎಂಜಿನ್ ಅಲ್ವಾ ಮಾರಾಯ್ರೇ, ನೀರು ಹೋಗದೆ ಇರ್ತದಾ?" ಅಂದರು ಮಾರುವವರು. ಏನು ಹೇಳೋದು!

ವಾಪಸ್ ಬಂದೆವು. ಮೆಕ್ಯಾನಿಕ್‌ಗೆ 500 ಕೊಟ್ಟೆ, ಜೊತೆಗೆ ಬಂಗುಡೆ ಊಟ. ಮಾವನಿಗೆ ಇನ್ನೂ ಸ್ವಲ್ಪ ಬೇಜಾರಿದೆ. ಅಷ್ಟು ಚೆಂದ ಸ್ಟಾರ್ಟ್ ಆಗಿತ್ತಲ್ಲ ಅಂತಾರೆ.