ಪಾಳುಬಿದ್ದ ಕಲ್ಲುಮಠ, ಯುಗಾದಿ ಕಳೆದ ಮೇಲೆ ಜೆಸಿಬಿ ಬರುತ್ತದಂತೆ. ಅಷ್ಟರೊಳಗೆ ಏನು ಮಾಡಬಹುದು?

ಹೇಂಜೇರು ಹುಡುಗ:
ನಮ್ಮೂರು ಆಂಧ್ರದ ಮಡಕಶಿರಾ ಕಡೆ, ಹೇಮಾವತಿಯಿಂದ ಬೈಕಲ್ಲಿ ಅರ್ಧ ಗಂಟೆ. ಕೆರೆ ಹಿಂದೆ ಒಂದು ಹಳೇ ಕಲ್ಲುಮಠ ಇದೆ. ಮೂರು ಕಡೆ ಸಣ್ಣ ಕೋಣೆಗಳು, ನಡುವೆ ಅಂಗಳ. ಒಂದು ಮೂಲೆ ಕುಸಿದಿದೆ, ಚಾವಣಿ ಮೇಲೆ ಅರಳಿ ಗಿಡ ಬೇರು ಬಿಟ್ಟಿದೆ. ಬಾಗಿಲ ಪಕ್ಕದ ಕಲ್ಲಲ್ಲಿ ಹಳೇ ಅಕ್ಷರ ಇದೆ, ಅರ್ಧಕ್ಕೆ ಸುಣ್ಣ ಬಳಿದಿದ್ದಾರೆ. ನಿಧಿ ಆಸೆಗೆ ಯಾರೋ ಎರಡು ಚಪ್ಪಡಿ ಕಿತ್ತು ಹೋಗಿದ್ದಾರೆ. ಈಗ ಊರವರು ಚಂದಾ ಎತ್ತಿ ಜೀರ್ಣೋದ್ಧಾರ ಮಾಡಿಸುತ್ತಾರಂತೆ, ಅಂದರೆ ಮಣ್ಣು ಬಾಚಿ, ಕಲ್ಲು ಬೆಳ್ಳಗಾಗಲಿ ಅಂತ ಯಂತ್ರದಲ್ಲಿ ಮರಳು ಹೊಡೆಸಿ, ಸಿಮೆಂಟ್ ಮೆತ್ತಿ ಟೈಲ್ಸ್ ಹಾಕಿಸೋದು. ಬೇಡ ಅಂದರೆ ದೇವರ ಕೆಲಸಕ್ಕೆ ಅಡ್ಡ ಬರ್ತೀಯಾ ಅನ್ನುತ್ತಾರೆ. ನನ್ನ ಹತ್ರ ಒಂದು ಫೋನ್, ಒಂದು ಟೇಪು, ಮೂರು ಭಾನುವಾರ ಇದೆ.

ಅಳತೆಗಾರ:
ತಮ್ಮಾ, ಮೊದಲು ಕಸ ಗುಡಿಸೋದನ್ನೂ ನಿಲ್ಲಿಸು. ಹೇಗಿದೆಯೋ ಹಾಗೇ ಫೋಟೋ ಆಗಬೇಕು. ಪ್ರತಿ ಗೋಡೆಗೂ ಅಳತೆಪಟ್ಟಿ ಇಟ್ಟು ತೆಗೆ, ಉತ್ತರ ಯಾವ ಕಡೆ ಅಂತ ಪುಸ್ತಕದಲ್ಲಿ ಬರೆದುಕೋ. ಮೋಡ ಇದ್ದ ದಿನ ಸುತ್ತ ನಡೆಯುತ್ತಾ ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರೋ ಹಾಗೆ ತೆಗೆದರೆ, ಆಮೇಲೆ ಯಾರಾದರೂ ಅದರಿಂದಲೇ ತ್ರೀಡಿ ಮಾದರಿ ಮಾಡಬಹುದು. ಗ್ರಾಫ್ ಹಾಳೆಯಲ್ಲಿ ನಕ್ಷೆ ಹಾಕು, 1 ಮೀಟರ್‌ಗೆ 2 ಸೆಂಟಿಮೀಟರ್. ಬಿದ್ದ ಕಲ್ಲನ್ನು ಸರಿಸಬೇಡ, ಬಿದ್ದ ಜಾಗವೇ ಅದು ಎಲ್ಲಿತ್ತು ಅಂತ ಹೇಳುತ್ತದೆ. ಪೇಂಟಲ್ಲಿ ನಂಬರ್ ಬೇಡ, ಚೀಟಿ ಕಟ್ಟು. ಒಂದು ಕೇಳಲಾ, ಯಾವುದಾದರೂ ಕೋಣೆಯ ಚಾವಣಿ ಮಾತ್ರ ಕರ್ರಗಿದೆಯಾ?

ಹೇಂಜೇರು ಹುಡುಗ:
ಇದೆ ಅಣ್ಣಾ! ದಕ್ಷಿಣದ ಕೋಣೆ. ನೆಲದ ಕಲ್ಲಲ್ಲೇ ಒರಳಿನ ಗುಂಡಿ ಇದೆ, ಕೈ ಹಾಕಿದರೆ ನುಣ್ಣಗಿದೆ.

ಅಳತೆಗಾರ:
ಹಾಗಾದರೆ ಅದು ಅಡುಗೆಮನೆ ಇದ್ದೀತು. ಆ ಮಸಿ ಕೊಳೆ ಅಲ್ಲ, ಸಾಕ್ಷಿ. ಮರಳು ಹೊಡೆಸಿದರೆ ಒಂದು ಗಂಟೆಯಲ್ಲಿ ಹೋಗುತ್ತದೆ, ಜೊತೆಗೆ ಉಳಿ ಗುರುತೂ. ಶಿವಮೊಗ್ಗ ಜಿಲ್ಲೆ ಬಳ್ಳಿಗಾವೆಯ ಕೋಡಿಯ ಮಠದಲ್ಲಿ ಏನು ಓದಿಸುತ್ತಿದ್ದರು, ಬಡವರಿಗೆ ಊಟ, ರೋಗಿಗಳಿಗೆ ಮದ್ದು ಹೇಗೆ ಕೊಡುತ್ತಿದ್ದರು ಅಂತ ನಮಗೆ ಗೊತ್ತಿರೋದು 1162ರ ಶಾಸನ ಉಳಿದಿದ್ದಕ್ಕೆ. ನಿಮ್ಮ ಮಠದ ಕಥೆ ಆ ಸುಣ್ಣದ ಕೆಳಗೇ ಇರಬಹುದು.

ಗಾರೆ ಮನೆತನ:
ನಮ್ಮ ತಾತ ಗಾರೆ ಅರೆಸುತ್ತಿದ್ದರು, ಅದಕ್ಕೆ ಹೇಳ್ತೀನಿ. ಇಂಥ ಕಟ್ಟಡಕ್ಕೆ ನೀರು ಇಳಿಯೋದು ಹೆಚ್ಚಾಗಿ ಚಾವಣಿಯಿಂದ. ಅಲ್ಲಿ ಇಟ್ಟಿಗೆಪುಡಿ, ಸುಣ್ಣದ ಗಾರೆ ಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದರು. ಸಿಮೆಂಟ್ ಗಟ್ಟಿ ನಿಜ, ಆದರೆ ಒಳಗಿನ ತೇವ ಬಿಡಲ್ಲ, ಉಪ್ಪು ಮೇಲೆ ಬಂದು ಕಲ್ಲಿನ ಸಿಪ್ಪೆ ಏಳುತ್ತದೆ. ನಾಳೆ ಬಿಚ್ಚಬೇಕಂದರೆ ಕಲ್ಲೇ ಒಡೆಯಬೇಕು. ಅರಳಿ ಗಿಡವನ್ನು ಎಳೆದು ಕೀಳಬೇಡಿ, ಬೇರಿನ ಜೊತೆ ಚಪ್ಪಡಿ ಬರುತ್ತದೆ. ಈಗ ಕೊಂಬೆ ಕಡಿದಿಡಿ. ಬೇರು ಸಾಯಿಸೋದು ತಿಳಿದವರು ಮಾಡಲಿ.

ಶಾಸನದ ಹುಚ್ಚು:
ಸುಣ್ಣ ಕೆರೆಯೋಕೆ ಕಬ್ಬಿಣ ಮುಟ್ಟಿಸಬೇಡಿ, ಅಕ್ಷರ ಕಾಣಲಿ ಅಂತ ಮೈದಾ, ಎಣ್ಣೆ, ಸೀಮೆಸುಣ್ಣ ಏನೂ ಬೇಡ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ, ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಆಮೇಲೆ 1939ರ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ 9ನೇ ಸಂಪುಟ ನೋಡಿ, ಅದು ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳದ್ದೇ. ನಿಮ್ಮೂರ ಹೆಸರು ಇಲ್ಲದಿದ್ದರೆ ಫೋಟೋವನ್ನು ಮೈಸೂರಿನ ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗಕ್ಕೆ ಕಳಿಸಿ.
ಇನ್ನೊಂದು, ಚಪ್ಪಡಿ ಕಿತ್ತ ಜಾಗದಲ್ಲಿ ಏನಾದರೂ ಸಿಕ್ಕರೆ ಜೇಬಿಗೆ ಹಾಕಬೇಡಿ. 1878ರ ನಿಧಿ ಕಾಯ್ದೆ ಪ್ರಕಾರ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಲೇಬೇಕು. ಹತ್ತು ರೂಪಾಯಿಗೆ ಈಗ ಒಂದು ಟೀ ಬರೋದೇ ಕಷ್ಟ, ಆದರೂ ಕಾಯ್ದೆ ಕಾಯ್ದೆಯೇ. ಎಂಆರ್‌ಓಗೆ, ಅಂದರೆ ನಿಮ್ಮ ಮಂಡಲದ ತಹಶೀಲ್ದಾರರಿಗೆ, ಇವತ್ತೇ ಅರ್ಜಿ ಕೊಟ್ಟು, ರಾಜ್ಯ ಪುರಾತತ್ವ ಇಲಾಖೆಗೊಂದು ಪ್ರತಿ ಹಾಕಿ. ತೆಲುಗಲ್ಲಿ ಬರೆಸಿ.

ಹೇಂಜೇರು ಹುಡುಗ:
ಮೊದಲ ಭಾನುವಾರ ಮುಗಿಯಿತು. ನಕ್ಷೆ ಅರ್ಧ ಆಗಿದೆ. ರಾತ್ರಿ ಟಾರ್ಚ್ ಹಿಡಿಯೋಕೆ ಚಂದಾ ಎತ್ತುವ ಮಾವನನ್ನೇ ಕರೆದುಕೊಂಡು ಹೋಗಿದ್ದೆ. ಸುಣ್ಣ ಮುಗಿಯೋ ಕಡೆ ‘ಸ್ವಸ್ತಿ ಶ್ರೀ’ ಅಂತ ಕಂಡಿತು. ಮಾವ ಚಪ್ಪಲಿ ಬಿಟ್ಟು ಬಂದು ಇನ್ನೊಂದು ಸಲ ಓದು ಅಂದರು. ಜೆಸಿಬಿಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರುತ್ತಾ ಕೇಳ್ತೀನಿ ಅಂದಿದ್ದಾರೆ.