ಮರವಂತೆ ದಂಡೆಯಲ್ಲಿ ಕಪ್ಪು ಬೆನ್ನಿನ ಟರ್ನ್: ಬ್ರೈಡಲ್ಡೋ, ಸೂಟಿಯೋ?

ಕಡಲಂಚು:
ಜುಲೈ ಪಡುಗಾಳಿ ಜೋರಾಗಿರುವಾಗ ಮರವಂತೆಯಲ್ಲಿ ಮರಳ ಮೇಲೆ ಟರ್ನ್ ಎಂಬ ಕಡಲ ಹಕ್ಕಿಯೊಂದು ಕೂತಿದೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕೊಕ್ಕು ಕಾಲು ಎರಡೂ ಕಪ್ಪು. ಮೈ ಪೂರ್ತಿ ಒದ್ದೆ. ಹತ್ತಿರ ಹೋದರೆ ನಾಲ್ಕು ಹೆಜ್ಜೆ ಇಡುತ್ತದೆ, ಹಾರುವುದಿಲ್ಲ. ಸೂಟಿ ಟರ್ನ್ ಎಂದುಕೊಂಡಿದ್ದೇನೆ. ದೂರದ ಅಲೆಗಳ ಮೇಲೆ ಪೂರ್ತಿ ಕಂದು ಬಣ್ಣದ, ರೆಕ್ಕೆ ಬಡಿಯದೆ ತೇಲುವ ಹಕ್ಕಿಗಳೂ ಇವೆ. ಮೂರು ಪ್ರಶ್ನೆ: ಇದು ಸೂಟಿಯೇ? ಹಕ್ಕಿಗೆ ಏನು ಮಾಡಬೇಕು? ಹಕ್ಕಿ ದಾಖಲೆಗಳ ಜಾಲತಾಣ ಈಬರ್ಡ್‌ಗೆ ಹೇಗೆ ಹಾಕಿದರೆ ದಾಖಲೆ ನಿಲ್ಲುತ್ತದೆ?

ರೀವಕ್ಕಿ:
ಬೆನ್ನಿನ ಬಣ್ಣ ನೋಡಿ ಸೂಟಿ ಅನ್ನಬೇಡಿ. ಒದ್ದೆಯಾದರೆ ಸೂಟಿಯನ್ನೇ ಹೋಲುವ ಬ್ರೈಡಲ್ಡ್ ಟರ್ನ್‌ನ ಬೂದುಗಂದು ಬೆನ್ನೂ ಕಪ್ಪಾಗಿಯೇ ಕಾಣುತ್ತದೆ, ಅದರಲ್ಲೂ ಮೋಡದ ಬೆಳಕಿನಲ್ಲಿ. ಮೊದಲು ಹಣೆ ನೋಡಿ.

ಬ್ರೈಡಲ್ಡ್‌ಗೆ ಹಣೆಯ ಬಿಳಿ ಕಿರಿದು, ಅದು ಹುಬ್ಬಿನ ಹಾಗೆ ಕಣ್ಣನ್ನು ದಾಟಿ ಹಿಂದಕ್ಕೆ ಚಾಚುತ್ತದೆ. ಸೂಟಿಗೆ ಬಿಳಿ ಅಗಲ, ಆದರೆ ಕಣ್ಣಿನ ಹತ್ತಿರಕ್ಕೇ ನಿಂತುಬಿಡುತ್ತದೆ. ಆಮೇಲೆ ಕತ್ತಿನ ಹಿಂಭಾಗ: ಬ್ರೈಡಲ್ಡ್‌ನಲ್ಲಿ ಕಪ್ಪು ಟೋಪಿಗೂ ಬೆನ್ನಿಗೂ ನಡುವೆ ಮಾಸಲು ಪಟ್ಟಿ ಇರುತ್ತದೆ, ಸೂಟಿಯಲ್ಲಿ ಎರಡೂ ಒಂದೇ ಕಪ್ಪಾಗಿ ಬೆರೆತಿರುತ್ತವೆ. ರೆಕ್ಕೆ ಬಿಚ್ಚಿದರೆ ಅಡಿಭಾಗವನ್ನೂ ನೋಡಿ. ಸೂಟಿಯಲ್ಲಿ ಹಾರುಗರಿಗಳ ಕಪ್ಪು ಮತ್ತು ಮುಂಭಾಗದ ಬಿಳಿ ಗೆರೆ ಎಳೆದಂತೆ ಬೇರೆಬೇರೆ. ಬ್ರೈಡಲ್ಡ್‌ನಲ್ಲಿ ಆ ಗಡಿ ಮೆದು. ಬಾಲದ ಅಂಚಿನ ಬಿಳಿ ಬ್ರೈಡಲ್ಡ್‌ನಲ್ಲಿ ಹೆಚ್ಚು, ಆದರೆ ಗಾಳಿಗೆ ಸಿಕ್ಕಿದ ಹಕ್ಕಿಯ ಬಾಲ ಸವೆದು ಮುರಿದಿರುವುದೇ ಜಾಸ್ತಿ, ಅದನ್ನು ನಂಬಿಕೊಂಡು ಕೂರಬೇಡಿ.

ಮರಿ ಸೂಟಿ ಬೇರೆಯೇ ಹಕ್ಕಿಯಂತಿರುತ್ತದೆ. ಎದೆ ಸಮೇತ ಮಸಿ ಬಣ್ಣ, ಬೆನ್ನ ಮೇಲೆ ಬಿಳಿ ಚುಕ್ಕೆ. ಅದನ್ನು ನಾಡ್ಡಿ (ಟರ್ನ್‌ಗಳ ಹತ್ತಿರದ ಸಂಬಂಧಿ) ಎಂದು ಹಾಕುವವರಿದ್ದಾರೆ. ಬ್ರೌನ್ ನಾಡ್ಡಿಗೆ ಬೆನ್ನಿನಲ್ಲಿ ಚುಕ್ಕೆಯಿಲ್ಲ, ಬಾಲ ಕವಲೊಡೆಯುವುದಿಲ್ಲ, ನೆತ್ತಿ ಮಾತ್ರ ಬೆಳ್ಳಗೆ.

ಎರಡೂ ಬರುವುದು ಅಸಂಭವವೇನಲ್ಲ. ಸೂಟಿಗಳು ಲಕ್ಷದ್ವೀಪದ ಪಿಟ್ಟಿ ದ್ವೀಪದಲ್ಲಿ, ಬ್ರೈಡಲ್ಡ್‌ಗಳು ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳಲ್ಲಿ ಗೂಡು ಮಾಡುವವು. ಹಾಗಾಗಿ "ನಮ್ಮ ಕಡೆ ಇದೇ ಬರುವುದು" ಅನ್ನುವ ವಾದ ಇಲ್ಲಿ ಕೆಲಸಕ್ಕೆ ಬಾರದು.

ಗಂಗೊಳ್ಳಿ ಗಾಳಿ:
ಗುರುತು ಆಮೇಲೆ. ಮೊದಲು ಒಂದು ಮಾತು: ದಯವಿಟ್ಟು ಅದನ್ನು ಮತ್ತೆ ನೀರಿಗೆ ಬಿಡಬೇಡಿ. ದಂಡೆಯಲ್ಲಿ ಸೇರಿದ ಜನ ಮಾಡುವ ಮೊದಲ ಉಪಕಾರ ಅದೇ, ಹಕ್ಕಿ ಸಾಯುವುದೂ ಅದರಿಂದಲೇ. ಕಡಲ ಹಕ್ಕಿ ಎಂದರೆ ತೇಲುತ್ತದೆ ಅನ್ನುವುದು ಸೂಟಿಯ ಮಟ್ಟಿಗೆ ಸುಳ್ಳು. ಅದರ ಗರಿಗೆ ನೀರು ತಡೆಯುವ ಶಕ್ತಿ ಕಡಿಮೆ, ನೀರಿನ ಮೇಲೆ ಕೂರುವುದೇ ಅಪರೂಪ. ಒದ್ದೆ ಮೈಯಲ್ಲಿ, ಸುಸ್ತಾಗಿ, ಅಲೆಗೆ ಬಿದ್ದರೆ ಅಷ್ಟೇ. ಗಾಳಿಗೆ ಎಸೆದು "ಹಾರಿಸುವುದೂ" ಬೇಡ.

ಕೈಗವಸು ಹಾಕಿ, ಟವೆಲ್ ಮುಚ್ಚಿ, ರೆಕ್ಕೆ ಮಡಚಿ ಎತ್ತಿ. ಹಕ್ಕಿ ರೆಕ್ಕೆ ಒತ್ತದೆ ಕೂರುವಷ್ಟು ದೊಡ್ಡ ರಟ್ಟಿನ ಡಬ್ಬ, ಪಕ್ಕಗಳಲ್ಲಿ ಬೆರಳು ದಪ್ಪದ ತೂತು, ತಳಕ್ಕೆ ಒಣ ಬಟ್ಟೆ. ಪೇಪರ್ ಹಾಸಿದರೆ ಕಾಲು ಜಾರುತ್ತದೆ. ಕತ್ತಲೆ, ಶಾಂತಿ, ಬೆಚ್ಚಗಿನ ಜಾಗ. ಬಾಯಿಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಬೂತಾಯಿ ಮೀನು ತುರುಕುವುದೂ ಬೇಡ. ತಣ್ಣಗಾದ, ನೀರಿಲ್ಲದೆ ಬಳಲಿದ ಹಕ್ಕಿಗೆ ಮೀನು ಅರಗುವುದಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ವಲಯ ಕಚೇರಿಗೆ ಒಪ್ಪಿಸಿ. ಮನೆಯಲ್ಲಿಟ್ಟು ಆರೈಕೆ ಮಾಡುವ ಆಸೆ ಬೇಡ, 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧವಾಗುತ್ತದೆ. ಸತ್ತ ಹಕ್ಕಿಗೂ, ನೆನಪಿಗೆಂದು ಎತ್ತಿಕೊಳ್ಳುವ ಗರಿಗೂ ಇದೇ ಮಾತು.

ಟರ್ನ್ ಪರವಾಗಿಲ್ಲ, ಬೂಬಿ ಎಂಬ ದೊಡ್ಡ ಕಡಲ ಹಕ್ಕಿ ಸಿಕ್ಕರೆ ಎಚ್ಚರ. ಕೊಕ್ಕು ಭರ್ಜಿ, ನೇರ ಕಣ್ಣಿಗೇ ಬರುತ್ತದೆ. ಕನ್ನಡಕ ಹಾಕಿಕೊಂಡೇ ಮುಟ್ಟಿ. ಹಾಗೆಂದು ಕೊಕ್ಕಿಗೆ ಟೇಪ್ ಸುತ್ತಿಬಿಡಬೇಡಿ. ಬೂಬಿಗಳ ಹೊರ ಮೂಗಿನ ಹೊಳ್ಳೆ ಮುಚ್ಚಿರುತ್ತದೆ, ಉಸಿರಾಡುವುದು ಬಾಯಿಯಿಂದ. ಟೇಪ್ ಸುತ್ತಿದರೆ ಡಬ್ಬದೊಳಗೇ ಉಸಿರುಗಟ್ಟುತ್ತದೆ.

ಅಳಿವೆ:
ದಾಖಲೆಯ ಬಗ್ಗೆ. ಹಕ್ಕಿಯನ್ನು ಡಬ್ಬಕ್ಕೆ ಹಾಕುವ ಮೊದಲು ಫೋಟೋ ತೆಗೆಯಲು ಒಂದೆರಡು ನಿಮಿಷ ಸಾಕು: ತಲೆಯ ಎರಡೂ ಪಕ್ಕ, ಕತ್ತಿನ ಹಿಂದೆ, ಬೆನ್ನು ಮತ್ತು ಬಾಲ ಮೇಲಿನಿಂದ. ಜೀವಂತ ಹಕ್ಕಿಯ ರೆಕ್ಕೆಯನ್ನು ಫೋಟೋಗಾಗಿ ಎಳೆಯಬೇಡಿ. ಸತ್ತಿದ್ದರೆ ರೆಕ್ಕೆ ಬಿಡಿಸಿ ಮೇಲೆ ಕೆಳಗೆ ಎರಡೂ ತೆಗೆಯಿರಿ, ಪಾದವನ್ನೂ ಸೇರಿಸಿ, ಪಕ್ಕದಲ್ಲಿ ಸ್ಕೇಲ್ ಇಡಿ. ಸ್ಟಾರ್ಮ್ ಪೆಟ್ರಲ್ ಎಂಬ ಪುಟ್ಟ ಕಡಲ ಹಕ್ಕಿ ಆಗಿದ್ದರೆ ಪಾದದ ಫೋಟೋನೇ ಅರ್ಧ ಉತ್ತರ: ವಿಲ್ಸನ್ಸ್ ಎಂಬ ಜಾತಿಯ ಬೆರಳುಗಳ ನಡುವಿನ ಪೊರೆ ಹಳದಿ. ಸೊಂಟದಲ್ಲಿ ಬಿಳಿಯೇ ಇಲ್ಲದೆ, ಬಾಲ ಕವಲಾಗಿದ್ದರೆ ಸ್ವಿನ್‌ಹೋಸ್ ಇರಬಹುದೇ ಎಂದು ನೋಡಿ.

ಈಬರ್ಡ್‌ನಲ್ಲಿ ಇದನ್ನು 'ಇನ್ಸಿಡೆಂಟಲ್' (ಆಕಸ್ಮಿಕವಾಗಿ ಕಂಡದ್ದು) ಎಂದು ಹಾಕಿ, ಪಿನ್ ಹಕ್ಕಿ ಕೂತ ಜಾಗದ ಮೇಲೇ ಇರಲಿ, ಹತ್ತಿರದ ಯಾವುದೋ ಹಾಟ್‌ಸ್ಪಾಟ್ (ಎಲ್ಲರೂ ಬಳಸುವ ವೀಕ್ಷಣಾ ತಾಣ) ಮೇಲಲ್ಲ. ವಾಟ್ಸಾಪ್‌ನಲ್ಲಿ ಸುತ್ತಾಡಿ ಬಂದ ಫೋಟೋ ಬೇಡ, ಅದರಲ್ಲಿ ದಿನಾಂಕ, ಸಮಯದ ಮಾಹಿತಿ ಉಳಿದಿರುವುದಿಲ್ಲ. ಮೂಲ ಫೈಲ್ ಹಾಕಿ. ಟಿಪ್ಪಣಿಯಲ್ಲಿ "ಫೀಲ್ಡ್ ಗೈಡ್ ನೋಡಿ ಖಚಿತಪಡಿಸಲಾಗಿದೆ" ಎಂದು ಬರೆದರೆ ದಾಖಲೆ ಪರಿಶೀಲಿಸುವ ರಿವ್ಯೂವರ್ ಮರುಪ್ರಶ್ನೆ ಕಳಿಸುತ್ತಾರೆ. "ಹಣೆಯ ಬಿಳಿ ಕಣ್ಣಿನ ಹಿಂದಕ್ಕೆ ಚಾಚಿದೆ, ಕತ್ತಿನಲ್ಲಿ ಮಾಸಲು ಪಟ್ಟಿ, ಮೈ ಒದ್ದೆ" ಎಂದು ಕಂಡದ್ದನ್ನೇ ಬರೆಯಿರಿ. ತೀರ್ಮಾನಕ್ಕೆ ಬರಲಾಗದಿದ್ದರೆ ಸೂಟಿ/ಬ್ರೈಡಲ್ಡ್ ಎಂಬ ಜೋಡಿ ಆಯ್ಕೆ ಇದೆ, ಅದನ್ನು ಹಾಕುವುದರಲ್ಲಿ ಯಾವ ಅವಮಾನವೂ ಇಲ್ಲ.

ಕಡಲಂಚು:
ಹಣೆ ಸರಿಯಾಗಿ ನೋಡಿದೆ. ಬಿಳಿ ಗೆರೆ ಕಣ್ಣು ದಾಟಿ ಹೋಗಿದೆ, ಕತ್ತಿನಲ್ಲಿ ಪಟ್ಟಿಯೂ ಇದೆ. ಬ್ರೈಡಲ್ಡ್. ಡಬ್ಬದಲ್ಲಿದೆ, ಇಲಾಖೆಯವರು ಬರುತ್ತಿದ್ದಾರೆ. ದೂರದ ಕಂದು ಹಕ್ಕಿಗಳ ಬಗ್ಗೆ ಯಾರೂ ಹೇಳಲಿಲ್ಲ.

ರೀವಕ್ಕಿ:
ರೆಕ್ಕೆ ಬಡಿಯದೆ, ಒಮ್ಮೆ ಬೆನ್ನು ಒಮ್ಮೆ ಹೊಟ್ಟೆ ತೋರಿಸುತ್ತ ಅಲೆಯ ಇಳಿಜಾರಿನಲ್ಲಿ ಜಾರಿದರೆ ಶಿಯರ್‌ವಾಟರ್. ಪೂರ್ತಿ ಕಂದಾದರೆ ಮಳೆಗಾಲದಲ್ಲಿ ನಮ್ಮ ಕಡೆ ಮೊದಲು ಯೋಚಿಸಬೇಕಾದ್ದು ಫ್ಲೆಶ್‌ಫುಟೆಡ್: ನಸುಗೆಂಪು ಕೊಕ್ಕು, ತುದಿ ಕಪ್ಪು. ವೆಡ್ಜ್‌ಟೇಲ್ಡ್‌ಗೆ ಕೊಕ್ಕು ಬೂದು, ಬಾಲ ಉದ್ದ. ಕೊಕ್ಕು ಕಾಣಲು ಬೈನಾಕ್ಯುಲರ್ ಸಾಲದು, 20 ಅಥವಾ 30 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್ ಬೇಕು, ಟ್ರೈಪಾಡ್ ಕಾಲು ತಗ್ಗಿಸಿ ಕೂತೇ ನೋಡಿ, ಗಾಳಿಗೆ ಅಲುಗುವುದು ಕಮ್ಮಿ. ಬೆಳಿಗ್ಗೆಯೇ ನಿಲ್ಲಿ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ನಂತರ ಸೂರ್ಯ ಕಡಲ ಮೇಲಿರುತ್ತಾನೆ, ಎಲ್ಲ ಹಕ್ಕಿಯೂ ಕಪ್ಪೇ. ಬಂಡೆಯ ತುದಿಗೆ ಮಾತ್ರ ಹೋಗಬೇಡಿ, ರಸ್ತೆ ಪಕ್ಕದ ಎತ್ತರವೇ ಸಾಕು.

ದೋಣಿಯಲ್ಲಿ ಹೋಗಿ ನೋಡುವ ಮಾತು ಈಗ ಇಲ್ಲ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ದಂಡೆಯಿಂದಲೇ ನೋಡುವುದಾದರೆ ಒಂದೊಂದು ಗಂಟೆಗೆ ಒಂದೊಂದು 'ಸ್ಟೇಷನರಿ' (ಒಂದೇ ಕಡೆ ನಿಂತು ನೋಡಿದ) ಚೆಕ್‌ಲಿಸ್ಟ್ ಹಾಕಿ, ಉತ್ತರಕ್ಕೆ ಹೋದವೆಷ್ಟು, ದಕ್ಷಿಣಕ್ಕೆ ಹೋದವೆಷ್ಟು ಬರೆಯಿರಿ. ಕೊಕ್ಕು ಕಾಣದಿದ್ದವನ್ನು ಶಿಯರ್‌ವಾಟರ್ ಎಂದಷ್ಟೇ, ಜಾತಿ ಹೇಳದೆ ಹಾಕಿ.